ಆವತ್ತು ಗಾಳಿ ಇರಲಿಲ್ಲ

"ನನಗ ಪರಿಹಾರ ಬ್ಯಾಡ್ರಿ ಅಕ್ಕಾರ, ಸೇಡು ಬೇಕು."

ಅರ್ಜಿಯಲ್ಲಿ ಏನೇನು ಪರಿಹಾರ ಕೇಳಿ ಬರೆಯಲಿ ಎಂದು ನಾನು ಕೇಳಿದ್ದಕ್ಕೆ ಆಕೆ ಕೊಟ್ಟ ಉತ್ತರ ಅದು. ನಾನು ಪೆನ್ನು ಕೆಳಗಿಟ್ಟೆ. ಗೋಕಾಕದ ಒಂದು ಮಹಿಳಾ ನೆರವು ಕೇಂದ್ರದಲ್ಲಿ ನಾನು ಆಪ್ತಸಮಾಲೋಚಕಿ. ಮನೆಯೊಳಗೆ ಏಟು ತಿಂದು ಬಂದವರ ಮಾತು ಕೇಳುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಕೌಟುಂಬಿಕ ಹಿಂಸೆ ಕಾಯ್ದೆಯಡಿ ಅರ್ಜಿ ತಯಾರು ಮಾಡಿಕೊಡುವುದು, ಕೋರ್ಟಿನ ದಿನ ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ. ಅಳುವವರನ್ನು ನೋಡಿದ್ದೇನೆ, ಮಾತೇ ಆಡದೆ ಎದ್ದುಹೋದವರನ್ನೂ ನೋಡಿದ್ದೇನೆ. ಹೀಗೆ ನೇರವಾಗಿ ಸೇಡು ಕೇಳಿದವರು ಆಕೆಯೊಬ್ಬಳೇ.

ಆಕೆಯ ತವರು ಮಮದಾಪುರ. ಕೊಟ್ಟದ್ದು ಹುಕ್ಕೇರಿ ತಾಲ್ಲೂಕಿಗೆ, ಯಮಕನಮರಡಿ ದಾಟಿ ಸಿಗುವ ಒಂದು ಸಣ್ಣ ಊರಿಗೆ. ಗಂಡ ಹೆದ್ದಾರಿಯ ಮೇಲೆ ಟಂಟಂ, ಜನ ಸಾಗಿಸುವ ದೊಡ್ಡ ಆಟೋ, ಓಡಿಸುತ್ತಿದ್ದ. ಆಕೆ ಮನೆಯಲ್ಲೇ ಜಂಪರು, ಸಾಲಿ ಹುಡುಗರ ಯೂನಿಫಾರ್ಮು ಹೊಲಿಯುತ್ತಿದ್ದಳು. ಒಂದು ದಿನ ಬಟ್ಟೆ ಕೊಡಲು ಬಂದವರ ಜೊತೆ ಹೆಚ್ಚು ಹೊತ್ತು ಮಾತಾಡಿದಳೆಂದು ಅವನು ಜುಟ್ಟು ಹಿಡಿದು ಹೊರಗೆ ಎಳೆದ. ಹೊರಗೆ ಹಾಕಿಸಿಕೊಳ್ಳಬಾರದೆಂದು ಆಕೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವನು ಬಾಗಿಲನ್ನು ಅದೇ ಕೈಯ ಮೇಲೆ ಬಡಿದ. ಒಮ್ಮೆ ಬಡಿದು ಬಿಡಲಿಲ್ಲ, ಭುಜ ಕೊಟ್ಟು ಒತ್ತಿ ನಿಂತ.

ಆಸ್ಪತ್ರೆಯಲ್ಲಿ "ಗಾಳಿಗೆ ಬಾಗಲಾ ಬಡೀತ್ರಿ" ಎಂದು ಹೇಳಿದವನು ಅವನು. ಅವನು ಪಕ್ಕದಲ್ಲೇ ನಿಂತಿದ್ದರಿಂದ ಆಕೆಯೂ ಹೌದೆಂದಳು. ಚೀಟಿಯಲ್ಲಿ ಹಾಗೇ ದಾಖಲಾಯಿತು. ಬೆರಳುಗಳು ಕೂಡಿಕೊಂಡವು, ಆದರೆ ಎರಡು ಮತ್ತೆ ಮಡಚಲಿಲ್ಲ. ಕತ್ತರಿ ಹಿಡಿಯುವ ಕೈ ಅದು.

ಇದಕ್ಕೂ ಮುಂಚೆ ಆಕೆ ಎರಡು ಸಲ ತವರಿಗೆ ಓಡಿಬಂದಿದ್ದಳು. ಎರಡು ಸಲವೂ ಗಂಡನ ಊರಿನ ಹಿರಿಯರು ತಾವೇ ಗಾಡಿ ಮಾಡಿ ವಾಪಸು ಕರೆಸಿಕೊಂಡು, ತಮ್ಮೂರ ಸಮುದಾಯ ಭವನದಲ್ಲಿ ಕೂತು ಬುದ್ಧಿ ಹೇಳಿ ಗಂಡನ ಮನೆಗೆ ಕಳಿಸಿದ್ದರು. ಎರಡನೆಯ ಸಲ ಕರೆದೊಯ್ದ ಮೇಲೆಯೇ ಕೈ ಹೋದದ್ದು. ಈ ಸಲ ಮಗಳನ್ನೂ ಕರೆದುಕೊಂಡು ತವರಿಗೆ ಬಂದವಳು ಅಲ್ಲಿಂದ ನಮ್ಮ ಕೇಂದ್ರಕ್ಕೆ ಬಂದಿದ್ದಳು.

ನಾನು ಮೊದಲು ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಬೇರೆ ವೈದ್ಯರಲ್ಲಿ ಮತ್ತೆ ಎಕ್ಸ್‌ರೇ ತೆಗೆಸಿದೆವು. ಆಕೆಯ ಹೇಳಿಕೆಯನ್ನು ಈ ಸಲ ಗಂಡನ ನೆರಳಿಲ್ಲದ ಕಡೆ ಕೂರಿಸಿ ಬರೆಸಿದೆ. ಪೊಲೀಸ್ ದೂರು ದಾಖಲಾಯಿತು. ಅವನು ಹತ್ತಿರ ಬರಬಾರದು, ಫೋನು ಮಾಡಬಾರದು ಎಂದು ಕೋರ್ಟಿನಿಂದ ರಕ್ಷಣಾ ಆದೇಶ ಬಂತು. ಮಗಳು, ಎರಡನೆಯ ಇಯತ್ತೆಯ ಹುಡುಗಿ, ತಾಯಿಯ ಜೊತೆಗೇ ಉಳಿದಳು. ಕಾಗದದ ಮೇಲೆ ಎಲ್ಲವೂ ಸರಿಯಾಗಿತ್ತು. ಆದರೆ ಅವನು ಟಂಟಂ ಓಡಿಸಿಕೊಂಡು ಹಾಯಾಗಿದ್ದ. ಊರಿನಲ್ಲಿ ಆಕೆ "ಗಾಳಿಗೆ ಬಡದದ್ದನ್ನ ಗಂಡನ ತಲಿಗೆ ಕಟ್ಟಿದಾಕಿ" ಆಗಿದ್ದಳು.

ಆ ವರ್ಷ ನಮ್ಮ ಸಂಸ್ಥೆ ನಮಗೊಂದು ಹೊಸ ತರಬೇತಿ ಕೊಡಿಸಿತ್ತು. ಪೆಟ್ಟು ತಿಂದವರು, ಪೆಟ್ಟು ಕೊಟ್ಟವರು, ಅದನ್ನು ನೋಡಿ ಸುಮ್ಮನಿದ್ದವರು, ಎಲ್ಲರನ್ನೂ ದುಂಡಗೆ ಕೂರಿಸಿ ಆದದ್ದೇನು, ಯಾರಿಗೆ ಏನು ಹಾನಿಯಾಯಿತು, ಅದನ್ನು ಯಾರು ಹೇಗೆ ತುಂಬಿಕೊಡಬೇಕು ಎಂದು ಕೇಳುವ ಕ್ರಮ ಅದು. ದೊಡ್ಡ ಹೆಸರೊಂದಿತ್ತು. ನಾವು ಕಚೇರಿಯಲ್ಲಿ ಬರೀ "ಕೂಟ" ಎನ್ನುತ್ತಿದ್ದೆವು. ಕಳ್ಳತನಕ್ಕೆ, ಹೊಲದ ಜಗಳಕ್ಕೆ ಇದು ಆಗಬಹುದು, ಹೆಂಡತಿಯನ್ನು ಬಡಿದವನಿಗೆ ಯಾಕೆ ಎಂದು ತರಬೇತಿಯಲ್ಲೇ ವಾದ ಮಾಡಿದವಳು ನಾನು. ಮೂಡಲಗಿಯಿಂದ ಬರುತ್ತಿದ್ದ ನಮ್ಮ ಹಿರಿಯ ಸಹೋದ್ಯೋಗಿ, ನಾವು ಸರ್ ಎಂದು ಕರೆಯುವವರು, ಅದನ್ನು ನಂಬಿದ್ದರು. ನಿಯಮಗಳು ಕಟ್ಟುನಿಟ್ಟಾಗಿದ್ದವು ಎಂಬುದು ಮಾತ್ರ ನನಗೆ ಒಪ್ಪಿಗೆಯಾಗಿತ್ತು. ಪೆಟ್ಟು ತಿಂದವರು ಕೇಳಿದರೆ ಮಾತ್ರ ಕೂಟ. ಪೆಟ್ಟು ಕೊಟ್ಟವನು ತಾನು ಮಾಡಿದ್ದನ್ನು ಮೊದಲೇ ಒಪ್ಪಿರಬೇಕು. ಕೇಸು ವಾಪಸು ತೆಗೆಯುವ ಮಾತು ಬರಕೂಡದು. ಮತ್ತೆ ಕೂಡಿ ಬಾಳುವುದು ಗುರಿಯೇ ಅಲ್ಲ.

ಸೇಡಿನ ಮಾತು ಬಂದ ದಿನವೇ ನಾನು ಆಕೆಗೆ ಇದನ್ನೂ ತಿಳಿಸಿದೆ. ತಿಳಿಸುವುದು ನನ್ನ ಕರ್ತವ್ಯವಾಗಿತ್ತು, ಅಷ್ಟೇ. ಆಕೆ ಕೇಳಿ ನಕ್ಕಳು. ಕೆಟ್ಟ ನಗು.

"ಮತ್ತ ಅದ ಪಂಚಾಯ್ತಿನ ಏನ್ರಿ? ಈ ಸರ್ತಿ ನೀವ ಗಾಡಿ ಮಾಡಿ ಕಳಸವ್ರು?"

"ನಿನ್ನನ್ನ ಯಾರೂ ಎಲ್ಲೂ ಕಳಸೂದಿಲ್ಲ ತಂಗಿ. ಬ್ಯಾಡಂದ್ರ ಇಲ್ಲಿಗೇ ಬಿಟ್ಟೆ. ಖರೆ, ಒಂದು ಹೇಳು. ಸೇಡು ಅಂದ್ಯಲ್ಲ, ಅದು ಹ್ಯಾಂಗ ಇರಬೇಕು?"

ಆಕೆ ಮಡಚದ ಬೆರಳುಗಳನ್ನು ಮೇಜಿನ ಮೇಲೆ ಇಟ್ಟಳು.

"ಯಾ ಜಾಗಾದಾಗ ನನಗ ಬುದ್ಧಿ ಹೇಳಿದ್ರು, ಅದ ಜಾಗಾದಾಗ ಅವಾ ಹೇಳಬೇಕ್ರಿ. ಗಾಳಿ ಅಲ್ಲ, ನಾ ಬಡದೆ ಅಂತ. ತನ್ನ ಬಾಯಿಲೆ. ಮತ್ತ ನನ್ನ ಹೊಳ್ಳಿ ಕಳಸಿದ ಹಿರ್ಯಾರು ಅದನ್ನ ಕುಂತ ಕೇಳಬೇಕು. ನಾ ಅವರ ಮಾರಿ ನೋಡಬೇಕು."

ನನಗೂ ಅದನ್ನು ನೋಡಬೇಕಿತ್ತು.

ಸರ್ ಗಂಡನನ್ನು ಕಚೇರಿಗೆ ಕರೆಸಿದರು. ಬರಲೇಬೇಕೆಂಬ ಒತ್ತಾಯವಿರಲಿಲ್ಲ. ಬಂದರೆ ಕೇಸು ಸಡಿಲವಾಗುತ್ತದೆ ಎಂಬ ಆಸೆಯಿಂದ ಬಂದ. ಇಸ್ತ್ರಿ ಅಂಗಿ, ಹಣೆಗೆ ವಿಭೂತಿ. ನಾನು ಪಕ್ಕದ ಕೋಣೆಯಲ್ಲಿದ್ದೆ. ನಡುವೆ ಪ್ಲೈವುಡ್ ಗೋಡೆ.

"ಗಾಳಿಗೆ ಬಡೀತ್ರಿ ಸರ. ಆಕಿ ಅಲ್ಲೆ ಕೈ ಇಟ್ಟಿದ್ಲು, ನಾ ಏನ ಮಾಡ್ಲಿ? ಈಗ ಕೇಸ್ ತಗೀತಾಳಂದ್ರ ನಾ ಕರಕೊಂಡ ಹೋಗಾಕ ತಯಾರ ಅದೇನಿ. ಮನಸ ದೊಡ್ಡದ ಮಾಡೇನಿ."

ಮನಸ್ಸು ದೊಡ್ಡದು ಮಾಡಿದ್ದಾನಂತೆ. ಪ್ಲೈವುಡ್ ಒದ್ದು ಆ ಕಡೆ ಹೋಗಬೇಕೆನಿಸಿತು. ಸರ್ ದನಿ ಏರಿಸಲಿಲ್ಲ. ಕೇಸು ಇದ್ದ ಹಾಗೇ ಇರುತ್ತದೆ, ಆಕೆ ಮರಳುವುದಿಲ್ಲ, ನಿಜ ಹೇಳುವ ಮನಸ್ಸಾದಾಗ ಮಾತ್ರ ಬಾ ಎಂದರು. ಅವನು ಕುರ್ಚಿ ಹಿಂದೆ ತಳ್ಳಿ ಎದ್ದುಹೋದ. ಆಮೇಲೆ ಸರ್ ಫೋನು ಮಾಡಿದರೆ ಎತ್ತಲಿಲ್ಲ. ನಾನು ಫೈಲು ಮುಚ್ಚಿ, ಇನ್ನು ಕೋರ್ಟೇ ಗತಿ ಎಂದುಕೊಂಡೆ. ಒಳಗೊಳಗೆ ಸಮಾಧಾನವೂ ಆಯಿತು. ಇಂಥವನನ್ನು ಕೂರಿಸಿ ಮಾತಾಡಿಸುವ ಕೆಲಸ ತಪ್ಪಿತಲ್ಲ ಎಂದು.

ಅದೇ ವಾರ ಆಕೆಯ ಅಣ್ಣ ಒಬ್ಬನೇ ಬಂದ. ಕಬ್ಬಿನ ಲಾರಿ ತುಂಬುವ ಕೆಲಸದವನು, ಎತ್ತರದ ಆಳು. ಕೂರಲಿಲ್ಲ.

"ಅಕ್ಕಾರ, ನಾ ಒಂದ ಮಾತ ಹೇಳಿ ಹೋಗಾಕ ಬಂದೇನ್ರಿ. ಟಂಟಂ ಎಲ್ಲಿ ನಿಲ್ಲಸ್ತಾನ, ಯಾವಾಗ ಒಬ್ಬನ ಇರತಾನ, ಎಲ್ಲಾ ನೋಡೇನಿ. ಬರೇ ಬಲಗೈ ಮುರೀತೇನಿ. ಜೀವಕ್ಕ ಏನೂ ಮಾಡೂದಿಲ್ಲ."

ಬೇಡ ಎನ್ನಬೇಕಾದ ನಾಲಿಗೆ ತಕ್ಷಣ ಏಳಲಿಲ್ಲ. ಆ ಟಂಟಂ ಪಕ್ಕದಲ್ಲಿ ಅವನು ಕೈ ಹಿಡಿದುಕೊಂಡು ಕೂಗುವ ಚಿತ್ರ ನನ್ನ ಕಣ್ಣ ಮುಂದೆ ಬಂದು ನಿಂತಿತ್ತು, ಅದು ಹಿತವಾಗಿತ್ತು. ಆಮೇಲೆ ಎದ್ದು ಬಾಗಿಲು ಹಾಕಿ, ಆಕೆಗೆ ಫೋನು ಹಚ್ಚಿ, ಸ್ಪೀಕರ್ ಮೇಲೆ ಇಟ್ಟೆ. ಅಣ್ಣನಿಗೆ ಮತ್ತೊಮ್ಮೆ ಹೇಳು ಎಂದೆ. ಅವನು ಹೇಳಿದ.

"ಅಣ್ಣಾ, ನೀ ಅವನ ಕೈ ಮುರದ್ರ ಜೇಲಿಗಿ ಹೋಗಾವ ನೀನ," ಎಂದಳು ಆಕೆ. "ಅವಾ ಪಟ್ಟಿ ಕಟಗೊಂಡ ಕುಂಡ್ರತಾನ, ಊರೆಲ್ಲ ಅಯ್ಯೋ ಅಂತೈತಿ. ಅವನ್ನ ಅಯ್ಯೋ ಅನ್ನಿಸಿಕೊಳ್ಳೂವಂಗ ಮಾಡಬ್ಯಾಡ. ನನ್ನ ಸೇಡು ನನಗ ಬಿಡು."

ಅಣ್ಣ ಫೋನನ್ನೇ ನೋಡುತ್ತ ನಿಂತಿದ್ದ. ಆಮೇಲೆ ಕೂತು ನೀರು ಕೇಳಿದ.

ಮಗಳನ್ನು ನೋಡಲು ಅವನು ಕೋರ್ಟಿಗೆ ಅರ್ಜಿ ಹಾಕಿಕೊಂಡಿದ್ದ. ಹುಕ್ಕೇರಿಯಲ್ಲಿ, ಕೋರ್ಟಿನ ಆವರಣದಲ್ಲೇ, ನಮ್ಮವರೊಬ್ಬರ ಎದುರಿಗೆ ನೋಡಲು ಅನುಮತಿ ಸಿಕ್ಕಿತು. ತಾಯಿ ದೂರ ನಿಂತಿರುವುದು, ನಾನು ಹುಡುಗಿಯ ಜೊತೆ ಇರುವುದು ಎಂದು ಗೊತ್ತಾಯಿತು. ಅವನು ಬಿಸ್ಕೀಟು, ಬಣ್ಣದ ಪೆನ್ಸಿಲಿನ ಡಬ್ಬಿ ತಂದಿದ್ದ. "ಬಾರವ್ವಾ, ತಗೋ" ಎಂದು ಬಗ್ಗಿ ಕೈ ಚಾಚಿದ.

ಹುಡುಗಿ ಅಳಲಿಲ್ಲ, ಓಡಲೂ ಇಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಅವನು ಇನ್ನೊಂದು ಹೆಜ್ಜೆ ಇಟ್ಟ. ಅವಳು ಗೋಡೆಗೆ ಆತು ನಿಂತು, ಕೈಗಳು ಬೆನ್ನಿಗೂ ಗೋಡೆಗೂ ನಡುವೆ ಸಿಕ್ಕುವಂತೆ ಒತ್ತಿಕೊಂಡಳು. "ಕೈ ಕೊಡವ್ವಾ, ಪೆನ್ಸಿಲ್ ನೋಡು" ಎಂದ. ಅವಳು ತಲೆ ಅಲ್ಲಾಡಿಸಿದಳು. ಅವನು ಡಬ್ಬಿಯನ್ನು ನೆಲದ ಮೇಲಿಟ್ಟು ಹಾಗೇ ಕುಕ್ಕರುಗಾಲಲ್ಲಿ ಕೂತ. ಅವನ ಮುಖದಲ್ಲಿ ಏನೋ ಕುಸಿದದ್ದನ್ನು ಕಂಡೆ. ನನಗೆ ಕನಿಕರ ಬರಲಿಲ್ಲ. ನೋಡು, ಚೆನ್ನಾಗಿ ನೋಡು ಎಂದು ಮನಸ್ಸಿನಲ್ಲೇ ಹೇಳಿದೆ.

ಮರುದಿನ ಕಚೇರಿ ತೆರೆಯುವ ಮುಂಚೆಯೇ ಅವನು ಮೆಟ್ಟಿಲ ಮೇಲೆ ಕೂತಿದ್ದ. ಸರ್ ಬಂದ ಮೇಲೆ ಒಳಗೆ ಹೋಗಿ, "ಬಾಗಲಾ ನಾನ ಬಡದೆ ಸರ," ಎಂದ. "ನನ್ನ ಮಗಳು ನೋಡ್ಯಾಳ."

ನಾಟಕ ಎಂದೆ ನಾನು. ಆಗಲಿ, ನಾಟಕವೋ ಅಲ್ಲವೋ ಪರೀಕ್ಷೆ ಮಾಡೋಣ ಎಂದರು ಸರ್. ಆಮೇಲೆ ಅವನನ್ನು ಮತ್ತೆ ಮತ್ತೆ ಕರೆಸಿದರು. ಒಂದೇ ಘಟನೆಯನ್ನು ಶುರುವಿನಿಂದ ಹೇಳಿಸಿದರು. "ಸಿಟ್ಟು ಬಂತು" ಎಂದರೆ ನಿಲ್ಲಿಸಿ, ಸಿಟ್ಟು ಬಂದ ಮೇಲೆ ಕೈ ಏನು ಮಾಡಿತು ಎಂದು ಕೇಳಿದರು. "ಆಕಿನೂ ಮಾತಿಗಿ ಮಾತು" ಎಂದರೆ, ಆಕೆಯ ಮಾತು ಆಕೆ ಹೇಳುತ್ತಾಳೆ, ನೀನು ಮಾಡಿದ್ದು ಹೇಳು ಎಂದರು. ಕೆಲವು ಸಲ ಅವನು ಅರ್ಧಕ್ಕೇ ಎದ್ದುಹೋದ. ಮತ್ತೆ ಬಂದ.

ಅವನ ವಕೀಲರು ಒಂದು ಷರತ್ತು ಇಟ್ಟರು. ಕೂಟದಲ್ಲಿ ಅವನು ಹೇಳಿದ್ದನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸಕೂಡದು, ಕೂತವರೆಲ್ಲ ಅದಕ್ಕೆ ಸಹಿ ಹಾಕಬೇಕು. ನಾನು ಕುದಿದುಹೋದೆ. ಅವನ ಬಾಯಿಂದಲೇ ಬರುವ ತಪ್ಪೊಪ್ಪಿಗೆಯನ್ನು ಹೀಗೆ ಗಾಳಿಗೆ ತೂರುವುದೆ? ಬೇಡ ಎಂದು ಹೇಳು, ನಮಗೆ ಶಿಕ್ಷೆ ಮುಖ್ಯ ಎಂದು ಆಕೆಗೆ ಹೇಳಿದೆ.

"ಕೋರ್ಟಿಗೆ ನನ್ನ ಎಕ್ಸ್‌ರೇ ಐತಿ, ನನ್ನ ಸಾಕ್ಷಿ ಐತಿ ಅಕ್ಕಾರ. ಊರಿಗೆ ಏನೈತ್ರಿ? ಊರಿಗೆ ಗಾಳಿ ಒಂದ ಐತಿ."

ನಾನು ಷರತ್ತಿನ ಹಾಳೆಯನ್ನು ಆಕೆಯ ಮುಂದೆ ಸರಿಸಿದೆ. ಆಕೆ ಎಡಗೈಯಿಂದ ಸಹಿ ಮಾಡಿದಳು. ರಕ್ಷಣಾ ಆದೇಶವಿದ್ದುದರಿಂದ, ಇಬ್ಬರೂ ಒಂದೇ ಕಡೆ ಕೂರಲು ಕೋರ್ಟಿನ ಅನುಮತಿಯನ್ನೂ ತೆಗೆದುಕೊಂಡೆವು.

ಕೂಟ ನಡೆಸುವವರು ಯಾರ ಕಡೆಗೂ ವಾಲಬಾರದು. ಪ್ರಕರಣ ನನ್ನದು, ನಾನೇ ನಡೆಸಬೇಕೆಂದು ಮೊದಲು ಗೊತ್ತಾಗಿತ್ತು. ಸರ್ ನನ್ನನ್ನು ಕೇಳಿದರು, "ಅವನು ಅತ್ತರ ನೀವು ನೀರು ಕೊಡ್ತೀರೇನ್ರಿ?" ನಾನು ವಿಚಾರ ಮಾಡಿದೆ. ಕೊಡುವುದಿಲ್ಲ ಎಂದೆ. ಹಾಗಾದರೆ ನಾನು ನಡೆಸುವುದಿಲ್ಲ, ಆಕೆಯ ಬೆಂಬಲಕ್ಕೆ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ, ನಡೆಸುವುದು ನೀವು ಎಂದು ಅಲ್ಲೇ ತೀರ್ಮಾನ ಮಾಡಿದೆ. ಆ ಪ್ರಕರಣದಲ್ಲಿ ನಾನು ಮಾಡಿದ ಸರಿಯಾದ ನಿರ್ಧಾರ ಅದೊಂದೇ ಇರಬಹುದು. ನನ್ನ ಸಿಟ್ಟನ್ನು ಮುಚ್ಚಿಡುವ ಕೆಲಸ ತಪ್ಪಿತು.

ಹಿರಿಯರನ್ನು ಕರೆಯುವ ಹೊಣೆ ಮಾತ್ರ ನನ್ನದೇ. ಮುಖ್ಯ ಹಿರಿಯನ ಮನೆಗೆ ಹೋದೆ. ಬಿಳಿ ಮೀಸೆ, ಸ್ವಚ್ಛ ಧೋತರ, ಮಾತಿಗೆ ಮುಂಚೆ "ಶರಣ್ರಿ". ಚಹಾ ಬಂತು. ವಿಷಯ ಹೇಳಿದೊಡನೆ ಮುಖ ಗಂಟಾಯಿತು.

"ನಾವ ಹೊಡದೇವೇನ್ರಿ ಮೇಡಮ್ಮಾರ? ಸಂಸಾರ ಒಡೀಬಾರದಂತ ನಾಕ ಮಾತ ಹೇಳಿದ್ವಿ. ನಮ್ಮನ್ನ ಕಟಕಟಿಗಿ ನಿಲ್ಲಸ್ತೀರಿ?"

"ನಿಲ್ಲಸೂದಿಲ್ರಿ, ಕುಂಡ್ರಸ್ತೇವಿ. ನಡುವಿನ ಕುರ್ಚಿ ಇರೂದಿಲ್ಲ, ಎಲ್ಲಾರಿಗೂ ಒಂದ ನಮೂನಿ ಕುರ್ಚಿ. ನೀವು ತೀರ್ಪು ಹೇಳಾಕ ಬರಬ್ಯಾಡ್ರಿ. ಕೇಳಾಕ ಬರ್ರಿ."

"ಅದು ಆಗೂದಲ್ಲ."

ನಾನು ಏಳುವಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಸೆರಗಿಗೆ ಕೈ ಒರೆಸುತ್ತ ಹೊರಬಂದರು. "ಆವತ್ತ ಆ ಹುಡಿಗಿ ಬರಾಕ ಒಲ್ಲೆ ಅಂದ್ರ, ಗಾಡ್ಯಾಗ ಕುಂಡ್ರಿಸಿಕೊಂಡ ಬರಾಕ ನೀವ ಹೋಗಿದ್ರಿ. ಅಲ್ಲಿಗಿ ಹೋಗಾಕ ಕಾಲ ಇದ್ವು. ಈವತ್ತ ನಮ್ಮೂರ ಭವನಕ್ಕ ಹೋಗಾಕ ಏನ ಧಾಡಿ?"

ಅವರು ಹೆಂಡತಿಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬರುತ್ತೇನೆ ಎಂದು ಗೋಡೆಗೆ ಹೇಳಿದರು.

ಕೂಟದ ದಿನ ನಾವು ಬೇಗ ಹೋಗಿ ಕುರ್ಚಿಗಳನ್ನು ದುಂಡಗೆ ಇಟ್ಟೆವು. ಮೇಜು ತೆಗೆಸಿದೆವು. ಬಾಗಿಲು ತೆರೆದೇ ಇರಬೇಕು, ಅದರ ಹತ್ತಿರದ ಕುರ್ಚಿ ಆಕೆಯದು. ಆಕೆ ಕೊನೆಗೆ ಬರುವುದು, ಮೊದಲು ಹೊರಡುವುದು. ಎಡಗೈ ಎತ್ತಿದರೆ ಮಾತು ನಿಲ್ಲಬೇಕು. "ಹೊಂದಿಕೊಂಡು ಹೋಗು" ಎಂಬ ಮಾತು ಯಾರ ಬಾಯಲ್ಲೂ ಬರಕೂಡದು. ಅಣ್ಣ ಬರಿಗೈಯಲ್ಲಿ ಬಂದು ನನ್ನ ಆಚೆ ಕೂತ. ಎದುರಿಗೆ ಗಂಡ, ಅವನ ತಾಯಿ, ಇಬ್ಬರು ಹಿರಿಯರು. ಮಗಳನ್ನು ಕರೆತಂದಿರಲಿಲ್ಲ.

ಸರ್ ಸೂಚನೆ ಕೊಟ್ಟ ಮೇಲೆ ಅವನು ಕೈ ಜೋಡಿಸಿದ. "ನನ್ನ ಕಡಿಂದ ತಪ್ಪ ಆಗೈತಿ. ಎಲ್ಲಾರೂ ಹೊಟ್ಟಿಗಿ ಹಾಕೋಬೇಕು. ಸಿಟ್ಟಿನ ಕೈಯಾಗ ಬುದ್ಧಿ ಕೊಟ್ಟೆ..."

ಆಕೆ ಎಡಗೈ ಎತ್ತಿದಳು. ಅವನು ನಿಂತ.

"ಆವತ್ತ ಗಾಳಿ ಇತ್ತೇನ?"

ಯಾರೋ ಕೆಮ್ಮಿದರು. ಅವನು ಸರ್ ಕಡೆ ನೋಡಿದ. ಸರ್ ಆಕೆಯ ಕಡೆ ಕೈ ತೋರಿಸಿದರು.

"ನನ್ನ ನೋಡಿ ಹೇಳು. ಗಾಳಿ ಇತ್ತೇನ?"

"ಇರಲಿಲ್ಲ."

"ಬಾಗಲಾ ಹ್ಯಾಂಗ ಬಡೀತು?"

"ನಾನ ಬಡದೆ."

"ನನ್ನ ಕೈ ಎಲ್ಲಿತ್ತು?"

"ಚೌಕಟ್ಟಿನ ಮ್ಯಾಲ ಇತ್ತು."

"ಕಂಡಿತ್ತೋ ಇಲ್ಲೋ ನಿನಗ?"

"ಕಂಡಿತ್ತು. ಕಂಡ ಮ್ಯಾಲ ಬಡದೆ. ನೀ ಚೀರಿದ್ದು ಕೇಳಿತು, ಮತ್ತೂ ಒತ್ತಿ ಹಿಡದೆ."

ಆಕೆ ಅವನನ್ನು ನೋಡುತ್ತಿರಲಿಲ್ಲ. ಮುಖ್ಯ ಹಿರಿಯನನ್ನು ನೋಡುತ್ತಿದ್ದಳು. ನಾನೂ ನೋಡಿದೆ. ಆ ಮುಖ ನೋಡಲೆಂದೇ ನಾವು ಅಷ್ಟು ದೂರ ಬಂದಿದ್ದೆವು. ಧೋತರದ ಚುಂಗಿನಿಂದ ಅವರು ಬಾಯಿ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು.

ಅತ್ತೆ ನಡುವೆ ಬಾಯಿ ಹಾಕಿದಳು. "ನಾ ಅಡಗಿ ಮನ್ಯಾಗ ಇದ್ನ್ಯವ್ವಾ, ನನಗೇನ ಕಂಡಿಲ್ಲ."

"ಅತ್ತಿ, ನನ್ನ ಕೈ ಮ್ಯಾಲ ತಣ್ಣೀರ ಹಾಕಿದಾಕಿ ನೀನ. ನೀರ ಹಾಕ್ಕೋತ 'ಗಾಳಿ ಅನ್ನು, ಗಾಳಿ ಅನ್ನು' ಅಂತ ಹೇಳಿಕೊಟ್ಟಾಕಿನೂ ನೀನ."

ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು.

ಸರ್ ಹಿರಿಯರನ್ನು ಕೇಳಿದರು, ಎರಡು ಸಲ ಇಲ್ಲೇ ಕೂತಾಗ ಏನಾಗಿತ್ತು? ಮುಖ್ಯ ಹಿರಿಯರು, "ಅವನ್ನ ಕೇಳಿದ್ವಿ, ಅವರವ್ವನ್ನ ಕೇಳಿದ್ವಿ," ಎಂದರು. "ಈಕಿನ್ನ ಕೇಳಲಿಲ್ಲ. ಹೊರಗ ಕುಂಡ್ರಿಸಿದ್ವಿ. ಅದು ನಮ್ಮ ಕಡಿಂದ ಆದದ್ದು."

ಕೊನೆಗೆ ಆಕೆ ಬೇಕಾದದ್ದನ್ನು ಹೇಳಿದಳು. ಹೊಲಿಗೆ ಮಷೀನು ಮತ್ತು ತನ್ನ ಸಾಮಾನು ಅಂದೇ ಗಾಡಿಗೆ ಹಾಕಬೇಕು. ಬೆರಳಿನ ಉಪಚಾರದ ಖರ್ಚು ಅವನೇ ಕೊಡಬೇಕು. ಕೇಸು ಮುಗಿಯುವತನಕ ಅವನು ಮೊದಲಿನಂತೆ ಸರ್ ಹತ್ತಿರ ಬಂದು ಕೂತು ಮಾತಾಡಬೇಕು. "ಮತ್ತ ಒಂದೈತಿ. ಈ ಊರಾಗ, ಟಂಟಂದಾಗ, ಎಲ್ಲೆರ ಯಾರರ 'ಗಾಳಿ' ಅಂದ್ರ, ಇವಾನ ಅವರನ್ನ ತಿದ್ದಬೇಕು. ಅಲ್ಲ, ನಾ ಬಡದೆ ಅನ್ನಬೇಕು. ಎಷ್ಟ ವರ್ಷಾದ್ರೂ."

ಅವನು ತಲೆಯಾಡಿಸಿದ. ಆಮೇಲೆ, ಅಳುತ್ತಲೇ, "ಮಾಫಿ ಮಾಡ್ತೀಯೇನ?" ಎಂದು ಕೇಳಿದ.

"ಇಲ್ಲ," ಎಂದು ಆಕೆ ಎದ್ದಳು. ನಿಯಮದಂತೆ ಮೊದಲು ಹೊರಟಳು.

ಸರ್ ಅವನಿಗೆ ನೀರು ಕೊಟ್ಟರು. ನಾನು ಮಷೀನು ಹೊರಿಸಲು ಹೋದೆ.

ಅವನು ಬದಲಾದನೇ ಎಂದು ಕೇಳುತ್ತಾರೆ. ಸರ್ ಹತ್ತಿರ ಬರುತ್ತಾನೆ, ನಡುನಡುವೆ ತಪ್ಪಿಸುತ್ತಾನೆ. ಟಂಟಂನಲ್ಲಿ ಯಾರೋ ಗಾಳಿಯ ಮಾತು ತೆಗೆದಾಗ ಗಾಡಿ ನಿಲ್ಲಿಸಿ "ನಾ ಬಡದೆ" ಎಂದನಂತೆ, ಆಕೆಗೆ ಆ ಸುದ್ದಿ ಮುಟ್ಟಿದೆ. ನಾನು ಈಗಲೂ ಅವನನ್ನು ನಂಬುವುದಿಲ್ಲ. ಕೇಸು ಹುಕ್ಕೇರಿಯಲ್ಲಿ ನಡೆಯುತ್ತಿದೆ, ಅವನಿಗೆ ಶಿಕ್ಷೆಯಾಗಲಿ ಎಂದೇ ನಾನು ಪ್ರತಿ ತಾರೀಖಿಗೂ ಹೋಗುತ್ತೇನೆ. ಆಕೆ ಹುಕ್ಕೇರಿಯಲ್ಲೇ ಒಂದು ಖೋಲಿ ಹಿಡಿದು ಮಗಳನ್ನು ಸಾಲಿಗೆ ಹಾಕಿದ್ದಾಳೆ. ಎಡಗೈಯಿಂದ ಕತ್ತರಿಸುವುದನ್ನು ಕಲಿತಿದ್ದಾಳೆ. ನಿಧಾನ, ಆದರೆ ಗೆರೆ ತಪ್ಪುವುದಿಲ್ಲ.

ಈಚೆಗೆ ಆ ಮುಖ್ಯ ಹಿರಿಯರ ಫೋನು ಬಂತು.

"ಮೇಡಮ್ಮಾರ, ನೀವೊಂದ ಏನರೆ ಹಚ್ಚಿಟ್ಟ ಹೋದ್ರಿ ನೋಡ್ರಿ. ನಮ್ಮೂರಾಗ ಇನ್ನೊಂದ ಗಂಡ ಹೆಂಡ್ತಿ ಜಗಳ ಆಗೈತಿ. ನಾವ ಕೂಡಸಾಕ ಹೋದ್ರ ಆ ಹುಡಿಗಿ, 'ಮೊದಲ ಅವಾ ಏನ ಮಾಡ್ಯಾನ ಅದನ್ನ ಎಲ್ಲಾರ ಮುಂದ ಹೇಳಲಿ, ಆಮ್ಯಾಲ ನಿಮ್ಮ ಮಾತು' ಅಂತ ಭವನದಾಗ ಕುಂತಾಳ. ಏಳವಲ್ಲಳು. ಬಾಜೂ ಮನಿ ಹೆಣ್ಮಕ್ಕಳೂ ಬಂದ ಕುಂತಾರ. ನೀವು ಬರಬೇಕ್ರಿ."

ಹೋಗುವ ದಾರಿಯಲ್ಲಿ ಹುಕ್ಕೇರಿಯಲ್ಲಿ ಇಳಿದು ಆಕೆಗೆ ಸುದ್ದಿ ಹೇಳಿದೆ. ಆಕೆ ಮಷೀನಿನ ಗಾಲಿಯ ಮೇಲೆ ಕೈಯಿಟ್ಟು ನಿಲ್ಲಿಸಿದಳು. ನಿಧಾನವಾಗಿ ನಕ್ಕಳು. ಅರ್ಧ ಹೊಲಿದ ಜಂಪರನ್ನು ಮಡಚಿಟ್ಟು, ಕಾಲಿಗೆ ಚಪ್ಪಲಿ ಮೆಟ್ಟಿಕೊಂಡಳು.

"ನಡೀರಿ ಅಕ್ಕಾರ, ನಾನೂ ಬರ್ತೇನಿ. ಆ ಹಿರ್ಯಾರಿಗಿ ಫೋನ್ ಹಚ್ಚಿ ಹೇಳ್ರಿ, ತಮ್ಮ ಬಾಜೂಕ ನನಗೊಂದ ಕುರ್ಚಿ ಹಾಕಸಬೇಕಂತ."